ಝೀರೋ ಡೇ (ಚಾರಣ)

ಈ ಲೇಖನವು ದೀರ್ಘ ಚಾರಣದ ನಡುವಿನ ವಿಶ್ರಾಂತಿ ದಿನವನ್ನು ಕುರಿತದ್ದು. ಕಂಪ್ಯೂಟರ್ ಸುರಕ್ಷತೆಯ ಕ್ಷೇತ್ರದಲ್ಲಿ ಇದೇ ಹೆಸರಿನಿಂದ ಕರೆಯಲಾಗುವ ತಂತ್ರಾಂಶ ದೋಷವು ಬೇರೆ ವಿಷಯ.

ಝೀರೋ ಡೇ ಅಥವಾ ಶೂನ್ಯ ದಿನ ಎಂದರೆ ಹಲವು ವಾರಗಳ ಇಲ್ಲವೇ ತಿಂಗಳುಗಳ ಕಾಲ ಸಾಗುವ ಕಾಲ್ನಡಿಗೆಯ ಪಯಣದಲ್ಲಿ ಚಾರಣಿಗರು ಮಾರ್ಗದ ಮೇಲೆ ಒಂದು ಮೈಲಿಯಷ್ಟೂ ಮುಂದುವರಿಯದೆ ವಿಶ್ರಾಂತಿಗಾಗಿ ಮೀಸಲಿಡುವ ದಿನ. ಈ ಪದವು ಅಮೆರಿಕ ಸಂಯುಕ್ತ ಸಂಸ್ಥಾನದ ಅಪಲೇಚಿಯನ್ ಟ್ರೈಲ್, ಪೆಸಿಫಿಕ್ ಕ್ರೆಸ್ಟ್ ಟ್ರೈಲ್ ಮತ್ತು ಕಾಂಟಿನೆಂಟಲ್ ಡಿವೈಡ್ ಟ್ರೈಲ್ ಎಂಬ ಮೂರು ದೀರ್ಘ ಮಾರ್ಗಗಳ ಚಾರಣಿಗರಲ್ಲಿ ವಿಶೇಷವಾಗಿ ಬಳಕೆಯಲ್ಲಿದೆ. ಸಾಮಾನ್ಯವಾಗಿ ಶೂನ್ಯ ದಿನವನ್ನು ಮಾರ್ಗಕ್ಕೆ ಸಮೀಪದ ಯಾವುದಾದರೊಂದು ಸಣ್ಣ ಪಟ್ಟಣದಲ್ಲಿ ಕಳೆಯಲಾಗುತ್ತದೆ. ಹೆಸರಿಗೆ ವಿಶ್ರಾಂತಿಯ ದಿನವಾದರೂ ಸ್ನಾನ, ಬಟ್ಟೆ ಒಗೆಯುವಿಕೆ, ಮುಂದಿನ ದಿನಗಳ ಬುತ್ತಿಯ ಖರೀದಿ, ಸಲಕರಣೆಗಳ ದುರಸ್ತಿ, ಮನೆಯವರೊಡನೆ ಮಾತುಕತೆ ಮೊದಲಾದ ಅನೇಕ ಕೆಲಸಗಳು ಈ ಒಂದೇ ದಿನದಲ್ಲಿ ನಡೆಯಬೇಕಾಗುತ್ತದೆ.

ಹೆಸರು ಮತ್ತು ಸಂಬಂಧಿತ ಪದಗಳು

ಅಂದು ಕ್ರಮಿಸಿದ ದೂರ ಸೊನ್ನೆ ಮೈಲಿ ಎಂಬ ಅರ್ಥದಲ್ಲಿ ಈ ದಿನಕ್ಕೆ ಝೀರೋ ಎಂಬ ಹೆಸರು ಬಂದಿದೆ. ಪಟ್ಟಣದೊಳಗೆ ಅಂಗಡಿಯಿಂದ ಅಂಗಡಿಗೆ ಎಷ್ಟು ದೂರ ನಡೆದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಮಾರ್ಗದ ಮೇಲಿನ ಮುನ್ನಡೆಯೊಂದೇ ಲೆಕ್ಕ. ಎರಡು ದಿನ ಸತತವಾಗಿ ನಿಂತರೆ ಅದನ್ನು ಡಬಲ್ ಝೀರೋ ಎನ್ನುತ್ತಾರೆ.

ಬೆಳಿಗ್ಗೆ ಕೆಲವೇ ಕಿಲೋಮೀಟರ್ ನಡೆದು ಪಟ್ಟಣ ಸೇರಿ ಉಳಿದ ಹಗಲನ್ನು ಅಲ್ಲಿ ಕಳೆಯುವುದಕ್ಕೆ ನೀರೋ ಎಂದು ಹೆಸರು. ಇದು 'ಸೊನ್ನೆಗೆ ಸಮೀಪ' ಎಂಬರ್ಥದ ಇಂಗ್ಲಿಷ್ ಪದಗಳನ್ನು ಕೂಡಿಸಿ ಮಾಡಿಕೊಂಡ ಪದ. ಚಾರಣಿಗರ ಹಣಕಾಸಿನ ದೃಷ್ಟಿಯಿಂದ ಈ ಎರಡರ ನಡುವಣ ವ್ಯತ್ಯಾಸ ಮುಖ್ಯವಾದುದು. ಪೂರ್ಣ ಶೂನ್ಯ ದಿನಕ್ಕೆ ಹಿಂದಿನ ರಾತ್ರಿ ಮತ್ತು ಅಂದಿನ ರಾತ್ರಿ, ಹೀಗೆ ಎರಡು ರಾತ್ರಿಗಳ ಬಾಡಿಗೆ ತೆರಬೇಕು. ಮುಂಜಾನೆಯೇ ಪಟ್ಟಣ ಸೇರಿ ಮರುದಿನ ಹೊರಡುವವರಿಗೆ ಒಂದೇ ರಾತ್ರಿಯ ಬಾಡಿಗೆ ಸಾಕು, ಬಹುಪಾಲು ಹಗಲಿನ ವಿಶ್ರಾಂತಿಯೂ ದೊರೆಯುತ್ತದೆ. ಆದುದರಿಂದ ಮಿತವ್ಯಯಿಗಳು ಪಟ್ಟಣಕ್ಕೆ ನಾಲ್ಕಾರು ಕಿಲೋಮೀಟರ್ ದೂರದಲ್ಲಿ ಡೇರೆ ಹಾಕಿ ಮಲಗಿ, ಬೆಳಗಾದೊಡನೆ ಪಟ್ಟಣಕ್ಕೆ ಇಳಿಯುವ ಕ್ರಮವನ್ನು ಅನುಸರಿಸುತ್ತಾರೆ.

ಭಾರವಾದ ಬೆನ್ನುಚೀಲವನ್ನು ವಸತಿಗೃಹದಲ್ಲಿಯೇ ಇರಿಸಿ, ನೀರು ಮತ್ತು ತಿಂಡಿಯನ್ನಷ್ಟೇ ಒಯ್ದು ಮಾರ್ಗದ ಒಂದು ಭಾಗವನ್ನು ನಡೆದು, ಸಂಜೆ ವಾಹನದಲ್ಲಿ ಅದೇ ವಸತಿಗೃಹಕ್ಕೆ ಹಿಂದಿರುಗುವುದಕ್ಕೆ ಸ್ಲ್ಯಾಕ್‌ಪ್ಯಾಕಿಂಗ್ ಎನ್ನುತ್ತಾರೆ. ಇಲ್ಲಿ ದೂರ ಕ್ರಮಿಸಲಾಗುವುದರಿಂದ ಇದು ಶೂನ್ಯ ದಿನವಲ್ಲ.

ಹಿನ್ನೆಲೆ

ಅಪಲೇಚಿಯನ್ ಟ್ರೈಲ್ ಜಾರ್ಜಿಯ ರಾಜ್ಯದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ 14 ರಾಜ್ಯಗಳನ್ನು ಹಾದುಹೋಗುವ, ಸುಮಾರು 3,500 ಕಿ.ಮೀ. ಉದ್ದದ ಕಾಲ್ದಾರಿ. 1921ರಲ್ಲಿ ಬೆಂಟನ್ ಮೆಕಾಯ್ ಇದರ ಕಲ್ಪನೆಯನ್ನು ಮುಂದಿಟ್ಟರು. 1937ರಲ್ಲಿ ಮಾರ್ಗವು ಪೂರ್ಣಗೊಂಡಿತು. ಪಶ್ಚಿಮದ ಪೆಸಿಫಿಕ್ ಕ್ರೆಸ್ಟ್ ಟ್ರೈಲ್ ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗೆ ಸುಮಾರು 4,265 ಕಿ.ಮೀ. ಸಾಗುತ್ತದೆ. 1968ರ ರಾಷ್ಟ್ರೀಯ ಮಾರ್ಗಗಳ ಕಾಯಿದೆಯು ಈ ಎರಡಕ್ಕೂ ರಾಷ್ಟ್ರೀಯ ಮಾನ್ಯತೆ ನೀಡಿತು.

ಇಂತಹ ಮಾರ್ಗವನ್ನು ಒಂದೇ ಋತುವಿನಲ್ಲಿ ಆದಿಯಿಂದ ಅಂತ್ಯದವರೆಗೆ ನಡೆಯುವುದನ್ನು ಥ್ರೂ-ಹೈಕ್ ಎನ್ನಲಾಗುತ್ತದೆ. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ಅರ್ಲ್ ಶೇಫರ್ 1948ರಲ್ಲಿ ಅಪಲೇಚಿಯನ್ ಟ್ರೈಲ್ ಅನ್ನು 124 ದಿನಗಳಲ್ಲಿ ನಡೆದು ಮುಗಿಸಿದರು. ಇದು ದಾಖಲಾದ ಮೊದಲ ಥ್ರೂ-ಹೈಕ್. 1955ರಲ್ಲಿ 67 ವರ್ಷದ ಎಮ್ಮಾ ಗೇಟ್‌ವುಡ್ ಸಾಮಾನ್ಯ ಕ್ಯಾನ್ವಾಸ್ ಬೂಟು ಧರಿಸಿ, ತಾವೇ ಹೊಲಿದ ಚೀಲವನ್ನು ಹೆಗಲಿಗೇರಿಸಿ ಏಕಾಂಗಿಯಾಗಿ ಈ ಮಾರ್ಗವನ್ನು ಪೂರೈಸಿದರು. ಆಗ ಚಾರಣಿಗರಿಗೆಂದೇ ಮೀಸಲಾದ ವಸತಿಗೃಹಗಳ ಜಾಲ ಇರಲಿಲ್ಲ. ಅನೇಕ ರಾತ್ರಿಗಳನ್ನು ಅವರು ದಾರಿಯಲ್ಲಿ ಸಿಕ್ಕ ಅಪರಿಚಿತ ಕುಟುಂಬಗಳ ಆಶ್ರಯದಲ್ಲಿ ಕಳೆದರು. ಮುಂದೆ 1970ರ ದಶಕದಿಂದ ಚಾರಣಿಗರ ಸಂಖ್ಯೆ ಹೆಚ್ಚಿದಂತೆ ಮಾರ್ಗದ ಬದಿಯ ಊರುಗಳಲ್ಲಿ ಹಾಸ್ಟೆಲ್‌ಗಳು ತಲೆಯೆತ್ತಿದವು. ಕೆಲವು ಚರ್ಚುಗಳೂ ತಮ್ಮ ಕಟ್ಟಡದ ಒಂದು ಭಾಗವನ್ನು ಚಾರಣಿಗರಿಗೆ ಬಿಟ್ಟುಕೊಟ್ಟವು. ಪಟ್ಟಣದಲ್ಲಿ ಒಂದು ದಿನ ನಿಂತು ಸುಧಾರಿಸಿಕೊಳ್ಳುವ ಪದ್ಧತಿಯು ಈ ವ್ಯವಸ್ಥೆಯ ಜೊತೆಜೊತೆಗೇ ಬೆಳೆಯಿತು.

ವಿಶ್ರಾಂತಿಯ ಅಗತ್ಯ

ದಿನವೂ 20ರಿಂದ 30 ಕಿ.ಮೀ. ದೂರವನ್ನು ಹೊರೆ ಹೊತ್ತು ಏರಿಳಿಯುವಾಗ ಸ್ನಾಯುತಂತುಗಳಲ್ಲಿ ಸೂಕ್ಷ್ಮವಾದ ಹಾನಿಯುಂಟಾಗುತ್ತದೆ. ನಿದ್ರೆ ಮತ್ತು ಆಹಾರ ಸರಿಯಾಗಿ ದೊರೆತರೆ ದೇಹವು ಈ ಹಾನಿಯನ್ನು ಸರಿಪಡಿಸಿಕೊಂಡು ಮೊದಲಿಗಿಂತ ಬಲಗೊಳ್ಳುತ್ತದೆ. ಮೊದಲ ಕೆಲವು ವಾರಗಳ ಅನಂತರ ಚಾರಣಿಗರ ಕಾಲುಗಳು ದಾರಿಗೆ ಒಗ್ಗಿಕೊಳ್ಳುವುದು ಇದೇ ಕಾರಣದಿಂದ. ಆದರೆ ಸ್ನಾಯುಗಳಷ್ಟು ಬೇಗ ಮೂಳೆಗಳೂ ಸ್ನಾಯುಗಳನ್ನು ಮೂಳೆಗೆ ಬಂಧಿಸುವ ಸ್ನಾಯುರಜ್ಜುಗಳೂ ಬಲಗೊಳ್ಳುವುದಿಲ್ಲ. ಕಾಲಿನಲ್ಲಿ ಶಕ್ತಿ ಬಂದಿದೆಯೆಂದು ಹುರುಪಿನಿಂದ ದೂರವನ್ನು ಏರಿಸಿದವರಿಗೆ ಹಿಮ್ಮಡಿಯ ನೋವು, ಅಂಗಾಲಿನ ಉರಿಯೂತ, ಮೊಣಕಾಲ ಕೆಳಗಿನ ಮುಂಭಾಗದ ನೋವು, ಪಾದದ ಮೂಳೆಗಳಲ್ಲಿ ಸೂಕ್ಷ್ಮ ಬಿರುಕು ಮೊದಲಾದ ತೊಂದರೆಗಳು ಕಾಣಿಸಿಕೊಳ್ಳುವುದು ಸಾಮಾನ್ಯ. ಆರಂಭದಲ್ಲಿಯೇ ಒಂದೆರಡು ದಿನ ನಿಂತರೆ ಶಮನವಾಗಬಹುದಾದ ನೋವನ್ನು ಕಡೆಗಣಿಸಿ ನಡೆದರೆ ಇಡೀ ಚಾರಣವನ್ನೇ ಕೈಬಿಡುವ ಪರಿಸ್ಥಿತಿ ಬರಬಹುದು.

ಚರ್ಮದ ಆರೈಕೆಯೂ ಅಷ್ಟೇ ಮುಖ್ಯ. ಮಳೆಯಲ್ಲಿ ದಿನಗಟ್ಟಲೆ ನೆನೆದ ಪಾದಗಳು ಬಿಳುಪೇರಿ, ಮೆತ್ತಗಾಗಿ, ಸುಲಭವಾಗಿ ಸುಲಿಯುತ್ತವೆ. ಬೂಟಿನ ಉಜ್ಜುವಿಕೆಯಿಂದ ಎದ್ದ ಗುಳ್ಳೆಗಳು ಒಡೆದು ಸೋಂಕಿಗೆ ಎಡೆಮಾಡಿಕೊಡುತ್ತವೆ. ಒಣಗಿದ ಕೋಣೆಯಲ್ಲಿ ಪಾದಗಳನ್ನು ಗಾಳಿಗೊಡ್ಡಿ ಒಂದು ದಿನ ಕಳೆಯುವುದು ಇದಕ್ಕೆ ಸರಳವಾದ ಉಪಾಯ.

ಆಹಾರದ ಕೊರತೆಯು ಇನ್ನೊಂದು ಕಾರಣ. ದೀರ್ಘ ಚಾರಣದಲ್ಲಿ ದಿನವೊಂದಕ್ಕೆ 4,000 ಕಿಲೋಕ್ಯಾಲೊರಿಗೂ ಹೆಚ್ಚು ಶಕ್ತಿ ವ್ಯಯವಾಗುವುದುಂಟು. ಅಷ್ಟು ಆಹಾರವನ್ನು ಬೆನ್ನ ಮೇಲೆ ಹೊತ್ತು ಸಾಗುವುದು ಕಷ್ಟ. ಹೀಗಾಗಿ ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಉಳಿಯುವ ಕೊರತೆಯನ್ನು ದೇಹವು ತನ್ನ ಕೊಬ್ಬಿನಿಂದಲೂ ಸ್ನಾಯುವಿನಿಂದಲೂ ತುಂಬಿಕೊಳ್ಳುತ್ತದೆ. ಕೆಲವು ವಾರಗಳ ಬಳಿಕ ಎಷ್ಟು ಉಂಡರೂ ತಣಿಯದ ಹಸಿವು ಕಾಣಿಸಿಕೊಳ್ಳುತ್ತದೆ. ಪಟ್ಟಣದ ಊಟವು ಈ ಬಾಕಿಯ ಒಂದಂಶವನ್ನು ತೀರಿಸುತ್ತದೆ. ದಾರಿಯಲ್ಲಿ ದೊರೆಯದ ಹಸಿ ತರಕಾರಿ, ಹಣ್ಣು, ಮೊಟ್ಟೆ, ಹಾಲು ಇಲ್ಲಿ ಸಿಗುತ್ತವೆ.

ಮನಸ್ಸಿನ ವಿಶ್ರಾಂತಿಯೂ ಇದರಲ್ಲಿ ಸೇರಿದೆ. ಒಂದೇ ಬಗೆಯ ಕಾಡಿನಲ್ಲಿ ತಿಂಗಳುಗಟ್ಟಲೆ ನಡೆಯುವುದರಿಂದ ಉಂಟಾಗುವ ಬೇಸರವು ಪ್ರಸಿದ್ಧವಾದುದೇ. ಅಪಲೇಚಿಯನ್ ಟ್ರೈಲ್‌ನ ಅತಿ ದೀರ್ಘ ಭಾಗವಾದ ವರ್ಜೀನಿಯ ರಾಜ್ಯದಲ್ಲಿ ಚಾರಣಿಗರನ್ನು ಕಾಡುವ ಈ ಬೇಸರಕ್ಕೆ ವರ್ಜೀನಿಯ ಬ್ಲೂಸ್ ಎಂಬ ಹೆಸರೇ ಇದೆ.

ಪಟ್ಟಣದಲ್ಲಿ ಒಂದು ದಿನ

ಮಾರ್ಗವು ರಸ್ತೆಯನ್ನು ದಾಟುವ ಸ್ಥಳದಿಂದ ಪಟ್ಟಣವು ಕೆಲವೊಮ್ಮೆ ಹತ್ತಿಪ್ಪತ್ತು ಕಿಲೋಮೀಟರ್ ದೂರದಲ್ಲಿರುತ್ತದೆ. ಹಾಸ್ಟೆಲ್‌ನವರ ವಾಹನ, ಬಾಡಿಗೆ ಕಾರು ಅಥವಾ ದಾರಿಹೋಕರ ವಾಹನದಲ್ಲಿ ಚಾರಣಿಗರು ಅಲ್ಲಿಗೆ ತಲುಪುತ್ತಾರೆ. ಪ್ರತಿಫಲ ಬಯಸದೆ ಚಾರಣಿಗರಿಗೆ ವಾಹನ, ಊಟ ಅಥವಾ ಆಶ್ರಯ ನೀಡುವ ಸ್ಥಳೀಯರನ್ನು ಟ್ರೈಲ್ ಏಂಜಲ್ ಎಂದು ಕರೆಯುವ ರೂಢಿಯಿದೆ.

ತಂಗುವ ಸ್ಥಳ ಗೊತ್ತಾದ ಮೇಲೆ ಮೊದಲ ಕೆಲಸ ಸ್ನಾನ, ಅನಂತರ ಬಟ್ಟೆ ಒಗೆಯುವುದು. ಹೊರೆ ಕಡಿಮೆಯಿರಲೆಂದು ಹೆಚ್ಚಿನವರು ಒಂದೇ ಜೊತೆ ನಡಿಗೆಯ ಉಡುಪನ್ನು ಇಟ್ಟುಕೊಂಡಿರುತ್ತಾರೆ. ಅದು ಯಂತ್ರದಲ್ಲಿ ಒಗೆಯಲ್ಪಡುವಾಗ ಮಳೆಯಂಗಿ ತೊಟ್ಟು ಕಾಯುತ್ತ ಕುಳಿತ ಚಾರಣಿಗರನ್ನು ಈ ಪಟ್ಟಣಗಳ ಲಾಂಡ್ರಿಗಳಲ್ಲಿ ಬಿರುಬಿಸಿಲಿನ ದಿನವೂ ಕಾಣಬಹುದು. ಕೆಲವು ಹಾಸ್ಟೆಲ್‌ಗಳು ಇದಕ್ಕಾಗಿಯೇ ಹಳೆಯ ಬಟ್ಟೆಗಳನ್ನು ಎರವಲು ಕೊಡುತ್ತವೆ.

ಮುಂದಿನ ಪಟ್ಟಣದವರೆಗಿನ ಬುತ್ತಿಯನ್ನು ಕೂಡಿಸಿಕೊಳ್ಳುವುದು ದಿನದ ಮುಖ್ಯ ಕಾರ್ಯ. ಸಾಮಾನ್ಯವಾಗಿ ಮೂರರಿಂದ ಆರು ದಿನಗಳ ಆಹಾರವನ್ನು ಒಯ್ಯಬೇಕಾಗುತ್ತದೆ. ಓಟ್ಸ್, ನೂಡಲ್ಸ್, ಅಕ್ಕಿ, ಗಟ್ಟಿ ಚೀಸ್, ಕಡಲೆಕಾಯಿ ಬೆಣ್ಣೆ, ಒಣಹಣ್ಣು, ಚಾಕೊಲೇಟ್ ಮೊದಲಾದ ತೂಕ ಕಡಿಮೆ ಮತ್ತು ಶಕ್ತಿ ಹೆಚ್ಚಿರುವ ಪದಾರ್ಥಗಳಿಗೆ ಆದ್ಯತೆ. ಹಸಿದ ಹೊಟ್ಟೆಯಲ್ಲಿ ದಿನಸಿ ಅಂಗಡಿಗೆ ಹೋದವರು ಅಗತ್ಯಕ್ಕಿಂತ ಹೆಚ್ಚು ಕೊಂಡು, ಮರುದಿನದ ಏರುದಾರಿಯಲ್ಲಿ ಅದರ ಭಾರವನ್ನು ಅನುಭವಿಸುತ್ತಾರೆ. ಆದುದರಿಂದ ಊಟ ಮುಗಿಸಿಯೇ ಖರೀದಿಗೆ ಹೋಗಬೇಕೆಂಬುದು ಅನುಭವಿಗಳ ಸಲಹೆ. ಹೆಚ್ಚಾಗಿ ಉಳಿದ ಆಹಾರ ಮತ್ತು ಸಾಮಗ್ರಿಗಳನ್ನು ಹಾಸ್ಟೆಲ್‌ಗಳಲ್ಲಿರುವ ಹೈಕರ್ ಬಾಕ್ಸ್ ಎಂಬ ಪೆಟ್ಟಿಗೆಯಲ್ಲಿ ಬಿಟ್ಟುಹೋಗುತ್ತಾರೆ. ಬೇಕಾದವರು ಅದರಿಂದ ಉಚಿತವಾಗಿ ತೆಗೆದುಕೊಳ್ಳಬಹುದು.

ದೊಡ್ಡ ಅಂಗಡಿಗಳಿಲ್ಲದ ಊರುಗಳಲ್ಲಿ ಅಂಚೆ ಕಚೇರಿಯೇ ಆಧಾರ. ಚಾರಣಿಗರು ತಮ್ಮ ಹೆಸರಿಗೆ, ಜನರಲ್ ಡೆಲಿವರಿ ಎಂಬ ವಿಳಾಸದೊಡನೆ, ಮುಂಚಿತವಾಗಿ ಪೊಟ್ಟಣಗಳನ್ನು ಕಳುಹಿಸಿಕೊಂಡಿರುತ್ತಾರೆ. ಗುರುತಿನ ಚೀಟಿ ತೋರಿಸಿ ಅವನ್ನು ಪಡೆಯಬೇಕು. ಸದ್ಯಕ್ಕೆ ಬೇಡವಾದ ವಸ್ತುಗಳನ್ನು ಅದೇ ಪೆಟ್ಟಿಗೆಯಲ್ಲಿ ಮುಂದಿನ ಊರಿಗೆ ರವಾನಿಸುವುದೂ ಉಂಟು. ಅಮೆರಿಕದಲ್ಲಿ ಭಾನುವಾರ ಅಂಚೆ ಕಚೇರಿಗಳು ಮುಚ್ಚಿರುತ್ತವೆ. ಶನಿವಾರ ಮಧ್ಯಾಹ್ನ ತಡವಾಗಿ ಪಟ್ಟಣ ಸೇರಿದವರು ಪೊಟ್ಟಣಕ್ಕಾಗಿ ಸೋಮವಾರದವರೆಗೆ ಕಾಯಬೇಕಾಗಿ ಬಂದು, ಬಯಸದ ಶೂನ್ಯ ದಿನವನ್ನು ಕಳೆಯುತ್ತಾರೆ.

ಗುಂಪಾಗಿ ತಂಗುವ ಸ್ಥಳಗಳಲ್ಲಿ ಸೋಂಕು ಹರಡುವ ಅಪಾಯವೂ ಇದೆ. ವಾಂತಿಭೇದಿಯನ್ನುಂಟುಮಾಡುವ ನೋರೋವೈರಸ್ ಈ ಮಾರ್ಗಗಳಲ್ಲಿ ಹಲವು ಬಾರಿ ಹರಡಿದೆ. ಮದ್ಯಸಾರದ ಕೈದ್ರವವು ಈ ವೈರಾಣುವಿನ ಮೇಲೆ ಹೆಚ್ಚು ಪರಿಣಾಮ ಬೀರುವುದಿಲ್ಲವಾದ್ದರಿಂದ ಸೋಪು ಮತ್ತು ನೀರಿನಿಂದ ಕೈ ತೊಳೆಯುವುದು ಅವಶ್ಯಕ.

ಪ್ರಮುಖ ಪಟ್ಟಣಗಳು

ಹಾಟ್ ಸ್ಪ್ರಿಂಗ್ಸ್: ಉತ್ತರ ಕೆರೊಲಿನ ರಾಜ್ಯದಲ್ಲಿ ಫ್ರೆಂಚ್ ಬ್ರಾಡ್ ನದಿಯ ದಡದಲ್ಲಿರುವ ಸಣ್ಣ ಊರು. ದಕ್ಷಿಣದ ತುದಿಯಿಂದ ಸುಮಾರು 440 ಕಿ.ಮೀ. ದೂರದಲ್ಲಿದೆ. ಅಪಲೇಚಿಯನ್ ಟ್ರೈಲ್ ಇಲ್ಲಿನ ಮುಖ್ಯಬೀದಿಯ ಮೂಲಕವೇ ಸಾಗುತ್ತದೆ. ಊರಿಗೆ ಹೆಸರು ಬಂದಿರುವುದು ಇಲ್ಲಿನ ಬಿಸಿನೀರಿನ ಬುಗ್ಗೆಗಳಿಂದ.

ಡಮಾಸ್ಕಸ್: ವರ್ಜೀನಿಯದ ಈ ಊರಿನ ಜನಸಂಖ್ಯೆ ಒಂದು ಸಾವಿರಕ್ಕಿಂತ ಕಡಿಮೆ. 1987ರಿಂದ ಮೇ ತಿಂಗಳಲ್ಲಿ ಇಲ್ಲಿ ಟ್ರೈಲ್ ಡೇಸ್ ಎಂಬ ಉತ್ಸವವು ನಡೆದುಬಂದಿದೆ. ಮುಂದೆ ಹೋದವರೂ ಹಿಂದೆ ಉಳಿದವರೂ ವಾಹನ ಹಿಡಿದು ಇಲ್ಲಿಗೆ ಬಂದು ಸೇರುತ್ತಾರೆ.

ಹಾರ್ಪರ್ಸ್ ಫೆರಿ: ಪೊಟೊಮ್ಯಾಕ್ ಮತ್ತು ಶೆನಂಡೋಆ ನದಿಗಳ ಸಂಗಮದಲ್ಲಿರುವ ಪಶ್ಚಿಮ ವರ್ಜೀನಿಯದ ಪಟ್ಟಣ. 1859ರಲ್ಲಿ ಗುಲಾಮಗಿರಿಯ ವಿರುದ್ಧ ಜಾನ್ ಬ್ರೌನ್ ನಡೆಸಿದ ದಾಳಿಯಿಂದ ಇತಿಹಾಸಪ್ರಸಿದ್ಧವಾಗಿದೆ. ಮಾರ್ಗದ ಉಸ್ತುವಾರಿ ನೋಡಿಕೊಳ್ಳುವ ಅಪಲೇಚಿಯನ್ ಟ್ರೈಲ್ ಕನ್ಸರ್ವೆನ್ಸಿಯ ಕೇಂದ್ರ ಇಲ್ಲಿದೆ. ಲೆಕ್ಕದ ಪ್ರಕಾರ ಮಾರ್ಗದ ನಡುಬಿಂದು ಇನ್ನೂ ಉತ್ತರಕ್ಕೆ ಪೆನ್ಸಿಲ್ವೇನಿಯದಲ್ಲಿ ಬರುತ್ತದೆಯಾದರೂ ಚಾರಣಿಗರು ಈ ಪಟ್ಟಣವನ್ನೇ ಅರ್ಧದಾರಿಯೆಂದು ಭಾವಿಸಿ ಇಲ್ಲಿ ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ.

ಮಾನ್ಸನ್: ಮೇನ್ ರಾಜ್ಯದ ಈ ಊರಿನ ಮುಂದೆ ಹಂಡ್ರೆಡ್ ಮೈಲ್ ವಿಲ್ಡರ್‌ನೆಸ್ ಎಂಬ ಸುಮಾರು 160 ಕಿ.ಮೀ. ಉದ್ದದ ನಿರ್ಜನ ಪ್ರದೇಶವಿದೆ. ಉತ್ತರಾಭಿಮುಖವಾಗಿ ನಡೆಯುವವರಿಗೆ ಕಟಾಡಿನ್ ಶಿಖರಕ್ಕೆ ಮುನ್ನ ಇದೇ ಕೊನೆಯ ಪಟ್ಟಣ.

ಸ್ಟಹೀಕಿನ್: ಪೆಸಿಫಿಕ್ ಕ್ರೆಸ್ಟ್ ಟ್ರೈಲ್‌ಗೆ ಸಮೀಪವಾಗಿ, ವಾಷಿಂಗ್ಟನ್ ರಾಜ್ಯದ ಶೆಲ್ಯಾನ್ ಸರೋವರದ ತುದಿಯಲ್ಲಿರುವ ಹಳ್ಳಿ. ಹೊರಗಿನಿಂದ ಇಲ್ಲಿಗೆ ರಸ್ತೆಯ ಸಂಪರ್ಕವಿಲ್ಲ. ದೋಣಿ, ನೀರಿನ ಮೇಲಿಳಿಯುವ ವಿಮಾನ ಅಥವಾ ಕಾಲ್ನಡಿಗೆಯಿಂದಲೇ ಬರಬೇಕು. ಕೆನಡಾ ಗಡಿಗೆ ಮುನ್ನ ಬಹುತೇಕ ಚಾರಣಿಗರ ಕೊನೆಯ ತಂಗುದಾಣ ಇದೇ. ಇಲ್ಲಿನ ಬೇಕರಿಯು ಚಾರಣಿಗರಲ್ಲಿ ಬಹಳ ಹೆಸರುವಾಸಿ.

ದಿನಗಳ ಲೆಕ್ಕ

ಎಷ್ಟು ದಿನಕ್ಕೊಮ್ಮೆ ನಿಲ್ಲಬೇಕೆಂಬುದಕ್ಕೆ ನಿಯಮವಿಲ್ಲ. ವಾರಕ್ಕೊಮ್ಮೆ ನಿಲ್ಲುವವರಿದ್ದಾರೆ, ತಿಂಗಳಿಗೊಮ್ಮೆ ನಿಲ್ಲುವವರೂ ಇದ್ದಾರೆ. ಆದರೆ ಋತುಮಾನವು ಯಾರಿಗಾಗಿಯೂ ಕಾಯುವುದಿಲ್ಲ. ಉದಾಹರಣೆಗೆ, 3,500 ಕಿ.ಮೀ. ದೂರವನ್ನು ದಿನಕ್ಕೆ 25 ಕಿ.ಮೀ.ನಂತೆ ನಡೆದರೆ 140 ದಿನಗಳು ಬೇಕು. ಏಪ್ರಿಲ್ 1ರಂದು ಹೊರಟವರು ಆಗಸ್ಟ್ 18ಕ್ಕೆ ಮುಗಿಸುತ್ತಾರೆ. ಏಳು ದಿನದ ನಡಿಗೆಗೆ ಒಂದರಂತೆ ಶೂನ್ಯ ದಿನವನ್ನು ಸೇರಿಸಿದರೆ 20 ದಿನಗಳು ಹೆಚ್ಚಾಗಿ ಸೆಪ್ಟೆಂಬರ್ 7 ಬರುತ್ತದೆ. ಆರಂಭದ ವಾರಗಳಲ್ಲಿ ನಡಿಗೆ ನಿಧಾನವಾಗಿರುವುದರಿಂದಲೂ ಗಾಯ ಮತ್ತು ಹವಾಮಾನದಿಂದಲೂ ಈ ಲೆಕ್ಕ ಮತ್ತಷ್ಟು ಮುಂದಕ್ಕೆ ಹೋಗುತ್ತದೆ. ಕಟಾಡಿನ್ ಶಿಖರವಿರುವ ಬ್ಯಾಕ್ಸ್‌ಟರ್ ಉದ್ಯಾನದಲ್ಲಿ ಅಕ್ಟೋಬರ್ ಮಧ್ಯದೊಳಗೆ ಚಾರಣ ಮುಗಿಸುವಂತೆ ಸಲಹೆ ನೀಡಲಾಗುತ್ತದೆ. ಪೆಸಿಫಿಕ್ ಕ್ರೆಸ್ಟ್ ಟ್ರೈಲ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಪರ್ವತಗಳಿಗೆ ಹಿಮ ಬೀಳುವ ಮೊದಲು ಗಡಿ ತಲುಪಬೇಕು. ವಸಂತದಲ್ಲಿ ಧಾರಾಳವಾಗಿ ಕಳೆದ ದಿನಗಳ ಬೆಲೆಯನ್ನು ಶರತ್ಕಾಲದಲ್ಲಿ ತೆರಬೇಕಾಗುತ್ತದೆ.

ಜೊತೆಗಾರರ ಪ್ರಶ್ನೆಯೂ ಇದರಲ್ಲಿದೆ. ವಾರಗಳಿಂದ ಒಟ್ಟಿಗೆ ನಡೆಯುತ್ತಿರುವ ಗುಂಪಿನಲ್ಲಿ ಒಬ್ಬರು ಕಾಲುನೋವಿನಿಂದ ನಿಂತರೆ ಉಳಿದವರು ಒಂದು ದಿನದ ದಾರಿ ಮುಂದೆ ಹೋಗುತ್ತಾರೆ. ದಿನಕ್ಕೆ 25 ಕಿ.ಮೀ. ನಡೆಯುವ ಗುಂಪನ್ನು, ಒಂದು ದಿನ ಹಿಂದುಳಿದವರು ದಿನಕ್ಕೆ 30 ಕಿ.ಮೀ. ನಡೆದು ಸೇರಿಕೊಳ್ಳಲು ಐದು ದಿನಗಳು ಬೇಕು. ಆಗತಾನೆ ಗುಣವಾದ ಕಾಲಿಗೆ ಇದು ಅಪಾಯಕಾರಿ. ಆದುದರಿಂದ ಅನೇಕರು ಸಂಗಾತಿಗಳನ್ನು ಬಿಡಲಾರದೆ ನೋವನ್ನು ಮುಚ್ಚಿಟ್ಟು ನಡೆಯುತ್ತಾರೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಇದೆ. ಮೃದುವಾದ ಹಾಸಿಗೆ, ಬಿಸಿನೀರು ಮತ್ತು ಸ್ನೇಹಿತರ ಸಹವಾಸದಿಂದ ಒಂದು ದಿನದ ವಿಶ್ರಾಂತಿಯು ಮೂರು ನಾಲ್ಕು ದಿನಗಳಿಗೆ ಬೆಳೆಯುವುದುಂಟು. ಹೀಗೆ ಸೆಳೆದು ಹಿಡಿದಿಡುವ ಊರನ್ನು ವೋರ್ಟೆಕ್ಸ್, ಅಂದರೆ ಸುಳಿ, ಎನ್ನುತ್ತಾರೆ. ಚಾರಣವನ್ನು ಅರ್ಧಕ್ಕೆ ಬಿಟ್ಟು ಮನೆಗೆ ಮರಳಲು ಬೇಕಾದ ಬಸ್ಸು, ದೂರವಾಣಿ ಎಲ್ಲವೂ ಪಟ್ಟಣದಲ್ಲಿಯೇ ಇರುತ್ತವೆ. ಮಳೆಯ ದಿನ, ದಣಿದ ದಿನ ಅಂತಹ ತೀರ್ಮಾನ ಕೈಗೊಳ್ಳಬಾರದು, ಒಂದು ರಾತ್ರಿ ಚೆನ್ನಾಗಿ ನಿದ್ರಿಸಿ, ಹೊಟ್ಟೆ ತುಂಬ ಉಂಡ ಮೇಲೆ ಯೋಚಿಸಬೇಕು ಎಂಬ ಹಿರಿಯರ ಮಾತು ಚಾರಣಿಗರಲ್ಲಿ ಪ್ರಚಲಿತವಾಗಿದೆ.

ಪಟ್ಟಣ ಮತ್ತು ಚಾರಣಿಗರ ಸಂಬಂಧ

ಗಣಿ, ಮರದ ಕಾರ್ಖಾನೆ ಅಥವಾ ರೈಲ್ವೆಯನ್ನು ನಂಬಿ ಬೆಳೆದು, ಅವು ಇಳಿಮುಖವಾದ ಮೇಲೆ ಸೊರಗಿದ ಅನೇಕ ಊರುಗಳಿಗೆ ಚಾರಣಿಗರು ಖರ್ಚು ಮಾಡುವ ಹಣವು ಆಸರೆಯಾಗಿದೆ. ಹಾಸ್ಟೆಲ್, ಉಪಾಹಾರಗೃಹ, ದಿನಸಿ ಮತ್ತು ಸಲಕರಣೆಗಳ ಅಂಗಡಿಗಳ ವಹಿವಾಟು ಚಾರಣದ ಋತುವಿನೊಡನೆ ಏರಿಳಿಯುತ್ತದೆ. ಚಾರಣಿಗರ ದೃಷ್ಟಿಯಿಂದಲೂ ಖರ್ಚಿನ ದೊಡ್ಡ ಪಾಲು ಪಟ್ಟಣಗಳಲ್ಲಿಯೇ ಆಗುತ್ತದೆ, ಕಾಡಿನಲ್ಲಿ ಹಣಕ್ಕೆ ಕೆಲಸವಿಲ್ಲ.

ಈ ಅವಲಂಬನೆ ಎಷ್ಟು ಆಳವಾದುದೆಂಬುದು ಇತ್ತೀಚಿನ ಎರಡು ಸಂದರ್ಭಗಳಲ್ಲಿ ಕಂಡುಬಂದಿತು. 2020ರ ಮಾರ್ಚ್‌ನಲ್ಲಿ ಕೋವಿಡ್-19 ಹರಡತೊಡಗಿದಾಗ, ಅಪಲೇಚಿಯನ್ ಟ್ರೈಲ್ ಕನ್ಸರ್ವೆನ್ಸಿಯು ದೂರಚಾರಣಿಗರೆಲ್ಲರೂ ಮಾರ್ಗ ಬಿಟ್ಟು ಮನೆಗೆ ಮರಳುವಂತೆ ಕೋರಿತು. ಕಾಡಿನಲ್ಲಿ ಒಂಟಿಯಾಗಿ ನಡೆಯುವುದರಿಂದ ಯಾರಿಗೂ ತೊಂದರೆಯಿಲ್ಲವೆಂದು ತೋರಬಹುದು. ಆದರೆ ನಾಲ್ಕೈದು ದಿನಗಳಿಗೊಮ್ಮೆ ಬುತ್ತಿಗಾಗಿ ಊರಿಗೆ ಇಳಿಯಲೇಬೇಕು, ಆಸ್ಪತ್ರೆಯ ಸೌಲಭ್ಯ ಕಡಿಮೆಯಿರುವ ಸಣ್ಣ ಊರುಗಳ ನಡುವೆ ಸೋಂಕನ್ನು ಸಾಗಿಸುವ ಸಾಧ್ಯತೆ ಅಲ್ಲಿಯೇ ಇತ್ತು. ಅದೇ ವೇಳೆಗೆ ಊರಿನ ವ್ಯಾಪಾರಿಗಳು ಋತುವಿನ ಆದಾಯವನ್ನು ಕಳೆದುಕೊಂಡರು.

2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತದಿಂದ ಉಂಟಾದ ಪ್ರವಾಹವು ಹಾಟ್ ಸ್ಪ್ರಿಂಗ್ಸ್ ಮತ್ತು ಡಮಾಸ್ಕಸ್ ಊರುಗಳಿಗೆ ಭಾರೀ ಹಾನಿಯುಂಟುಮಾಡಿತು. ಮಾರ್ಗದ ದೀರ್ಘ ಭಾಗದಲ್ಲಿ ಮರಗಳು ಉರುಳಿದವು. ಮಾರ್ಗವನ್ನು ತೆರವುಗೊಳಿಸುವುದರ ಜೊತೆಗೆ ಊರುಗಳ ಅಂಗಡಿ ಹಾಗೂ ವಸತಿಗೃಹಗಳು ಮತ್ತೆ ತೆರೆಯುವುದೂ ಮುಂದಿನ ಋತುವಿನ ಚಾರಣಿಗರಿಗೆ ಅಷ್ಟೇ ಅಗತ್ಯವಾಗಿತ್ತು.

ಸಂಬಂಧದಲ್ಲಿ ಬಿರುಕುಗಳೂ ಇಲ್ಲದಿಲ್ಲ. ಕುಡಿತ, ಗದ್ದಲ, ಬಾಡಿಗೆ ಕೊಡದೆ ಹೆಚ್ಚು ಜನ ಕೋಣೆಯಲ್ಲಿ ತಂಗುವುದು ಮೊದಲಾದವು ಸ್ಥಳೀಯರ ದೂರುಗಳಿಗೆ ಕಾರಣವಾಗುತ್ತವೆ. ಒಬ್ಬರ ದುರ್ವರ್ತನೆಯಿಂದ ಹಿಂದೆ ಬರುವ ಎಲ್ಲರಿಗೂ ಬಾಗಿಲು ಮುಚ್ಚಬಹುದು. ಆದುದರಿಂದ ಮಾರ್ಗದ ಸಂಸ್ಥೆಗಳು ಪಟ್ಟಣದಲ್ಲಿ ಸಭ್ಯವಾಗಿ ನಡೆದುಕೊಳ್ಳುವಂತೆ ಚಾರಣಿಗರಿಗೆ ತಿಳಿಸುತ್ತವೆ.

ವಿಶ್ರಾಂತಿಯಿಲ್ಲದ ಚಾರಣ

ವೇಗದ ದಾಖಲೆಗಾಗಿ ನಡೆಯುವವರು ಶೂನ್ಯ ದಿನವನ್ನು ತೆಗೆದುಕೊಳ್ಳುವುದಿಲ್ಲ. ಜೆನಿಫರ್ ಫಾರ್ ಡೇವಿಸ್ 2011ರಲ್ಲಿ ಅಪಲೇಚಿಯನ್ ಟ್ರೈಲ್ ಅನ್ನು 46 ದಿನ 11 ಗಂಟೆಗಳಲ್ಲಿ ಪೂರೈಸಿದರು; ದಿನಕ್ಕೆ ಸರಾಸರಿ ಸುಮಾರು 75 ಕಿ.ಮೀ. ದೂರವಾಗುತ್ತದೆ. ಇಂತಹ ಪ್ರಯತ್ನಗಳಲ್ಲಿ ಆಹಾರ ಮತ್ತು ಸಲಕರಣೆಗಳನ್ನು ವಾಹನದಲ್ಲಿ ಒದಗಿಸುವ ತಂಡವು ಜೊತೆಗಿರುವುದರಿಂದ ಪಟ್ಟಣಕ್ಕೆ ಇಳಿಯುವ ಅಗತ್ಯ ಬೀಳುವುದಿಲ್ಲ. ಸಾಮಾನ್ಯ ಚಾರಣಿಗರಿಗೆ ಇದು ಮಾದರಿಯಲ್ಲ.

ಇತರ ಮಾರ್ಗಗಳಲ್ಲಿ

ಸ್ಪೇನಿನ ಸಾಂತಿಯಾಗೊಗೆ ಸಾಗುವ ಕಮಿನೊ ಯಾತ್ರಾಮಾರ್ಗದಲ್ಲಿ ಬುರ್ಗೋಸ್ ಮತ್ತು ಲಿಯೋನ್ ನಗರಗಳಲ್ಲಿ ಒಂದು ದಿನ ನಿಲ್ಲುವ ರೂಢಿಯಿದೆ. ಅಲ್ಲಿನ ಸಾರ್ವಜನಿಕ ಯಾತ್ರಿನಿವಾಸಗಳು ಅನಾರೋಗ್ಯದ ಸಂದರ್ಭವನ್ನು ಬಿಟ್ಟರೆ ಸಾಮಾನ್ಯವಾಗಿ ಒಂದೇ ರಾತ್ರಿ ತಂಗಲು ಅವಕಾಶ ನೀಡುವುದರಿಂದ, ವಿಶ್ರಾಂತಿ ಬಯಸುವ ಯಾತ್ರಿಕರು ಎರಡನೆಯ ರಾತ್ರಿಗೆ ಖಾಸಗಿ ವಸತಿಯನ್ನು ಹುಡುಕಬೇಕಾಗುತ್ತದೆ.

ಹಿಮಾಲಯದ ಚಾರಣಗಳಲ್ಲಿನ ವಿಶ್ರಾಂತಿ ದಿನದ ಉದ್ದೇಶ ಬೇರೆ. ಎವರೆಸ್ಟ್ ಬೇಸ್ ಕ್ಯಾಂಪ್ ದಾರಿಯಲ್ಲಿ 3,440 ಮೀಟರ್ ಎತ್ತರದ ನಾಮ್ಚೆ ಬಜಾರ್‌ನಲ್ಲಿ ಒಂದು ದಿನ ನಿಲ್ಲುವುದು ಆಮ್ಲಜನಕ ಕಡಿಮೆಯಿರುವ ವಾತಾವರಣಕ್ಕೆ ದೇಹವನ್ನು ಒಗ್ಗಿಸುವುದಕ್ಕಾಗಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಮತ್ತು ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಒಂದು ಹೆಚ್ಚುವರಿ ರಾತ್ರಿ ಕಳೆಯಬೇಕು ಎಂಬುದು ವೈದ್ಯಕೀಯ ಸಲಹೆ. ಅಂದು ಹಗಲಿನಲ್ಲಿ ಸ್ವಲ್ಪ ಮೇಲಕ್ಕೇರಿ, ರಾತ್ರಿಗೆ ಕೆಳಗಿಳಿದು ಮಲಗುವುದು ವಾಡಿಕೆ. ಅಪಲೇಚಿಯನ್ ಟ್ರೈಲ್‌ನಲ್ಲಿ ಶೂನ್ಯ ದಿನವನ್ನು ಬಿಟ್ಟು ನಡೆದರೆ ಹೆಚ್ಚೆಂದರೆ ಚಾರಣ ನಿಲ್ಲಬಹುದು. ಹಿಮಾಲಯದ ಎತ್ತರದಲ್ಲಿ ಒಗ್ಗುವಿಕೆಯ ದಿನವನ್ನು ಬಿಟ್ಟು ಮೇಲೇರಿದರೆ ಶ್ವಾಸಕೋಶ ಅಥವಾ ಮಿದುಳಿನಲ್ಲಿ ನೀರು ತುಂಬಿ ಪ್ರಾಣಕ್ಕೇ ಅಪಾಯವಾಗಬಹುದು.